ಚಿಪ್ ಬದಲಿಸುವ ಮೊದಲು: ಮಲ್ಪೆಯ ಆರು ಪೆಟ್ಟಿಗೆಗಳ ದೋಷ ಪತ್ತೆ

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟುಗಳು ಧಕ್ಕೆಯಲ್ಲಿ ಸಾಲುಗಟ್ಟಿ ನಿಂತ ಮೇಲೆ ಐಸ್ ಪ್ಲಾಂಟಿಗೂ ಕೆಲಸವಿಲ್ಲ. ಮಲ್ಪೆಯ ಅಂಥದೊಂದು ಪ್ಲಾಂಟಿನಲ್ಲಿ ನಾವು ಕೂರಿಸಿದ್ದ, ತಾಪಮಾನ ಅಳೆದು ಕಚೇರಿಗೆ ಕಳಿಸುವ ಆರು ಪೆಟ್ಟಿಗೆಗಳು ಆ 61 ದಿನ ಕರೆಂಟಿಲ್ಲದೆ ಗೋಡೆಯಲ್ಲಿ ನೇತಾಡುತ್ತಿದ್ದವು. ಆಗಸ್ಟ್ ಮೊದಲ ದಿನ ಮೇನ್ ಸ್ವಿಚ್ ಮೇಲೆತ್ತಿದಾಗ ಕಚೇರಿಯ ಪರದೆಗೆ ಸರಿಯಾಗಿ ಬಂದದ್ದು 3ನೇ ಪೆಟ್ಟಿಗೆ ಒಂದೇ. 1ನೆಯದು ಬಂದು ಹೋಗಿ ಮಾಡುತ್ತಿತ್ತು. ಉಳಿದ ನಾಲ್ಕರ ಸುದ್ದಿಯೇ ಇಲ್ಲ.

"ಎರಡು ತಿಂಗಳು ಯಾರೂ ಮುಟ್ಟಿಯೇ ಇಲ್ಲ ಮಾರಾಯರೇ, ಹಾಳಾಗುವುದು ಹೇಗೆ?" ಎಂದು ಪ್ಲಾಂಟಿನ ಮೇಲ್ವಿಚಾರಕರು ಕೇಳಿದರು. ನಾನು ತಲುಪುವಷ್ಟರಲ್ಲಿ ನನ್ನ ಜೊತೆಯ ಹುಡುಗ ಕೆಟ್ಟ ಐದೂ ಪೆಟ್ಟಿಗೆಗಳನ್ನು ಪರೀಕ್ಷಿಸಿ, "ಭದ್ರತಾ ಚಿಪ್ಪುಗಳೇ ಸತ್ತಿವೆ ಸರ್, ಐದು ಹೊಸದು ತರಿಸಬೇಕು" ಎಂದು ತೀರ್ಪು ಕೊಟ್ಟಿದ್ದ. ಸಂಜೆಯವರೆಗೆ ಹುಡುಕಿದ ಮೇಲೆ ಸಿಕ್ಕಿದ್ದು ನಾಲ್ಕು ಬೇರೆ ಬೇರೆ ದೋಷಗಳು. ಐದರಲ್ಲಿ ಒಂದರ ಚಿಪ್ಪೂ ಸತ್ತಿರಲಿಲ್ಲ. ಇಂಥ ಸಾಧನಗಳನ್ನು ನೋಡಿಕೊಳ್ಳುವ ಇತರರಿಗೂ ನೆರವಾಗಲಿ ಎಂದು ಹುಡುಕಿದ ದಾರಿಯನ್ನು ಇಲ್ಲಿ ಬರೆದಿದ್ದೇನೆ.

ಪೆಟ್ಟಿಗೆಯೊಳಗೆ ಏನಿದೆ

ಪ್ರತಿ ಪೆಟ್ಟಿಗೆಯಲ್ಲಿ ವೈಫೈ ಇರುವ ಒಂದು ಮೈಕ್ರೋಕಂಟ್ರೋಲರ್ ಬೋರ್ಡ್, ಡಿಎಸ್3231 ಗಡಿಯಾರ, ಡಿಎಸ್18ಬಿ20 ತಾಪಮಾನ ಸೆನ್ಸರ್, ಜೊತೆಗೆ ಉಗುರಿನಷ್ಟು ಚಿಕ್ಕ ಬೋರ್ಡಿನ ಮೇಲೆ ಮೈಕ್ರೋಚಿಪ್ ಕಂಪನಿಯ ಎಟಿಇಸಿಸಿ608. ಈ ಕೊನೆಯದೇ ಪೆಟ್ಟಿಗೆಯ ಗುರುತಿನ ಚೀಟಿ. ಸಹಿ ಹಾಕಲು ಬೇಕಾದ ಗುಟ್ಟಿನ ಸಂಖ್ಯೆ, ಅಂದರೆ ಖಾಸಗಿ ಕೀಲಿ, ಹುಟ್ಟುವುದು ಅದರೊಳಗೆ, ಇರುವುದೂ ಅದರೊಳಗೆ. ಹೊರಗಿನವರು "ಇದಕ್ಕೆ ಸಹಿ ಹಾಕು" ಎಂದು ಕೇಳಬಹುದು, ಕೀಲಿಯನ್ನು ಕೇಳುವಂತಿಲ್ಲ. ಮಲ್ಪೆಯಲ್ಲಿ ಚಿಪ್ಪು ಎಂದರೆ ಮೊದಲು ನೆನಪಾಗುವುದು ಮರುವಾಯಿಯ ಚಿಪ್ಪು. ಮೇಲ್ವಿಚಾರಕರಿಗೆ ನಾನು ವಿವರಿಸಿದ್ದೂ ಹಾಗೆಯೇ, ಬಾಯಿ ಬಿಡದ ಮರುವಾಯಿ ಎಂದು.

ಪೆಟ್ಟಿಗೆ ಕಚೇರಿಯ ಸರ್ವರಿಗೆ 8883ನೇ ಪೋರ್ಟಿನಲ್ಲಿ ಟಿಎಲ್‌ಎಸ್ ಎಂಬ ಸುರಕ್ಷಿತ ಸಂಪರ್ಕದ ಮೂಲಕ ಸೇರುತ್ತದೆ. ಇಲ್ಲಿ ಪರಿಶೀಲನೆ ಎರಡೂ ಕಡೆಯಿಂದ: ಸರ್ವರಿನ ಪ್ರಮಾಣಪತ್ರವನ್ನು (ತಾನು ಯಾರು ಎಂದು ಹೇಳುವ ಡಿಜಿಟಲ್ ಪತ್ರ) ಪೆಟ್ಟಿಗೆ ನೋಡುತ್ತದೆ, ಪೆಟ್ಟಿಗೆಯ ಪ್ರಮಾಣಪತ್ರವನ್ನೂ ಸಹಿಯನ್ನೂ ಸರ್ವರ್ ನೋಡುತ್ತದೆ. ಹಾಗಾಗಿ "ಸಂಪರ್ಕ ಆಗುತ್ತಿಲ್ಲ" ಎಂಬ ಒಂದು ಮಾತಿನ ಹಿಂದೆ ಮೂರು ಸಂಗತಿಗಳಿರಬಹುದು. ಬೋರ್ಡಿಗೆ ಚಿಪ್ಪಿನ ಜೊತೆ ಮಾತಾಡಲು ಆಗುತ್ತಿಲ್ಲ, ಪೆಟ್ಟಿಗೆಗೆ ಸರ್ವರಿನ ಮೇಲೆ ಅನುಮಾನ, ಅಥವಾ ಸರ್ವರಿಗೆ ಪೆಟ್ಟಿಗೆಯ ಮೇಲೆ ಅನುಮಾನ. ಇದರಲ್ಲಿ ಯಾವುದು ಎಂದು ತಿಳಿಯದೆ ಸ್ಕ್ರೂಡ್ರೈವರ್ ಎತ್ತಬಾರದು.

ಚಿಪ್ ಬದಲಿಸುವುದನ್ನು ನಾನು ಕೊನೆಗಿಡಲು ಕಾರಣವಿದೆ. ಹೊಸ ಚಿಪ್ ಎಂದರೆ ಹೊಸ ಕೀಲಿ, ಹೊಸ ಪ್ರಮಾಣಪತ್ರ, ಸರ್ವರಿನಲ್ಲಿ ಹೊಸ ನೋಂದಣಿ. ಚಿಪ್ಪಿನ ಸಂರಚನೆಗೆ (ಸೆಟ್ಟಿಂಗುಗಳಿಗೆ) ಒಮ್ಮೆ ಬೀಗ ಹಾಕಿದರೆ ಮತ್ತೆ ತೆಗೆಯಲಾಗದು, ಅವಸರದಲ್ಲಿ ತಪ್ಪಾಗಿ ಹಾಕಿದರೆ ಆ ಚಿಪ್ ಕಸದ ಬುಟ್ಟಿಗೆ. ಎಲ್ಲಕ್ಕಿಂತ ಹೆಚ್ಚಾಗಿ, ಬದಲಿಸಿದ ಕ್ಷಣಕ್ಕೆ ಮೂಲ ದೋಷದ ಸಾಕ್ಷಿ ಅಳಿಸಿ ಹೋಗುತ್ತದೆ.

ಸತ್ತದ್ದಲ್ಲ, ಮಲಗಿದ್ದು

ಹುಡುಗ ಮಾಡಿದ್ದು ಎಲ್ಲರೂ ಮಾಡುವುದನ್ನೇ. ಐ2ಸಿ ಸ್ಕ್ಯಾನ್ ಓಡಿಸಿದ್ದ, ಅಂದರೆ ಚಿಪ್ಪುಗಳನ್ನು ಬೋರ್ಡಿಗೆ ಸೇರಿಸುವ ಎರಡು ಲೈನುಗಳ ಬಸ್ಸಿನಲ್ಲಿ ಒಂದೊಂದೇ ವಿಳಾಸ ಕರೆದು ಯಾವುದು ಓಗೊಡುತ್ತದೆ ಎಂದು ನೋಡಿದ್ದ. ಪಟ್ಟಿಯಲ್ಲಿ ಗಡಿಯಾರದ ವಿಳಾಸ, ಹೆಕ್ಸ್ (ಹದಿನಾರರ ಎಣಿಕೆಯಲ್ಲಿ) 68, ಕಂಡಿತು. ಭದ್ರತಾ ಚಿಪ್ಪಿನ 60 ಕಾಣಲಿಲ್ಲ. ಐದೂ ಪೆಟ್ಟಿಗೆಗಳಲ್ಲಿ 60 ಇಲ್ಲ. "ಕೆಲಸ ಮಾಡುತ್ತಿರುವ 3ನೆಯದರಲ್ಲೂ ಓಡಿಸಿ ನೋಡು" ಎಂದೆ. ಅದರಲ್ಲೂ ಕಾಣಲಿಲ್ಲ! ಹುಡುಗನ ಮುಖ ಸಣ್ಣಗಾಯಿತು.

ಈ ಚಿಪ್ ಕೆಲಸವಿಲ್ಲದಾಗ ನಿದ್ದೆ ಮಾಡುತ್ತದೆ, ನಿದ್ದೆಯಲ್ಲಿ ತನ್ನ ವಿಳಾಸ ಕರೆದರೂ ಓಗೊಡುವುದಿಲ್ಲ. ಎಬ್ಬಿಸಲು ಡೇಟಾ ಲೈನನ್ನು ಕನಿಷ್ಠ 60 ಮೈಕ್ರೋಸೆಕೆಂಡ್ ಕಾಲ ಕೆಳಗೆ ಹಿಡಿದಿರಬೇಕು. ಬಸ್ಸಿನ ವೇಗ 100 ಕಿಲೋಹರ್ಟ್ಸ್ ಇದ್ದಾಗ ಒಂದು ಬಿಟ್ಟಿಗೆ 10 ಮೈಕ್ರೋಸೆಕೆಂಡ್ ಬೇಕು. ವಿಳಾಸ ಸೊನ್ನೆಗೆ ಒಂದು ಬೈಟ್ ಕಳಿಸಿದರೆ ಎಂಟು ಸೊನ್ನೆಗಳು ಸೇರಿ 80 ಮೈಕ್ರೋಸೆಕೆಂಡ್ ಆಗುತ್ತದೆ, ಚಿಪ್ ಏಳುತ್ತದೆ. ನಮ್ಮ ಪರೀಕ್ಷಾ ಪ್ರೋಗ್ರಾಮಿನಲ್ಲಿ ಯಾರೋ ವೇಗವನ್ನು 400ಕ್ಕೆ ಏರಿಸಿದ್ದರು. ಆಗ ಅದೇ ಎಂಟು ಸೊನ್ನೆಗಳಿಗೆ 20 ಮೈಕ್ರೋಸೆಕೆಂಡ್ ಮಾತ್ರ. ಅಷ್ಟಕ್ಕೆ ಅದು ಮಗ್ಗುಲು ಕೂಡ ಬದಲಿಸುವುದಿಲ್ಲ.

ಸರಿಯಾದ ಪರೀಕ್ಷೆ ಹೀಗೆ: ವೇಗವನ್ನು 100ಕ್ಕೆ ಇಳಿಸಿ, ವಿಳಾಸ ಸೊನ್ನೆಗೆ ಒಂದು ಬೈಟ್ ಬರೆಯಿರಿ. ಉತ್ತರ ಬರದಿದ್ದರೂ ಚಿಂತೆಯಿಲ್ಲ. ಸುಮಾರು ಒಂದೂವರೆ ಮಿಲಿಸೆಕೆಂಡ್ ಕಾದು, 60ನೇ ವಿಳಾಸದಿಂದ ನಾಲ್ಕು ಬೈಟ್ ಓದಿ. 04 11 33 43 ಬಂದರೆ ಚಿಪ್ ಎದ್ದಿದೆ, ತಂತಿ ಸರಿಯಿದೆ, ವೋಲ್ಟೇಜ್ ಸರಿಯಿದೆ. ಮೊದಲಿನ 04 ಉತ್ತರದ ಉದ್ದ, 11 ಎಂದರೆ ಎಚ್ಚರವಾಯಿತು, ಕೊನೆಯ ಎರಡು ತಪ್ಪು ಪತ್ತೆಯ ಬೈಟುಗಳು. ಈ ನಾಲ್ಕು ಸಂಖ್ಯೆಗಳನ್ನು ನಾನು ಟೂಲ್‌ಬಾಕ್ಸಿನ ಮುಚ್ಚಳದ ಒಳಗೆ ಬರೆದಿಟ್ಟುಕೊಂಡಿದ್ದೇನೆ.

ವಿಳಾಸದ ವಿಷಯದಲ್ಲಿ ಇನ್ನೊಂದು ಗೊಂದಲ. ಕಂಪನಿಯ ದಾಖಲೆಗಳಲ್ಲಿ ಇದೇ ವಿಳಾಸ ಎಂಟು ಬಿಟ್ಟಿನ ರೂಪದಲ್ಲಿ ಸಿ0 ಎಂದಿರುತ್ತದೆ. ಹೆಚ್ಚಿನ ಲೈಬ್ರರಿಗಳಿಗೆ ಬೇಕಾದ್ದು ಏಳು ಬಿಟ್ಟಿನ 60. ಮೊದಲೇ ಕೀಲಿ ತುಂಬಿಸಿ ಮಾರುವ ಮಾದರಿಗಳ ವಿಳಾಸ 35 ಅಥವಾ 36 ಇರುತ್ತದೆ. ಬಿಡಿಭಾಗ ತರಿಸಿದವರು ಇದನ್ನು ನೋಡದೆ "ಹೊಸದೂ ಸತ್ತಿದೆ" ಎಂದು ಹೇಳಿದ್ದನ್ನು ನಾನು ಕೇಳಿದ್ದೇನೆ.

ಹೀಗೆ ಎಬ್ಬಿಸಿದಾಗ ಐದು ಪೆಟ್ಟಿಗೆಗಳು 04 11 33 43 ಎಂದವು. 6ನೆಯದು ಮಾತ್ರ ಮೌನ.

6ನೇ ಪೆಟ್ಟಿಗೆ: ಕಿಲುಬು

ಇದು ಕಂಪ್ರೆಸರ್ ಕೋಣೆಯ ಬಾಗಿಲ ಪಕ್ಕದಲ್ಲಿದ್ದದ್ದು. ಮೊದಲು ಮಲ್ಟಿಮೀಟರ್. ಬಸ್ ಸುಮ್ಮನಿರುವಾಗ ಎರಡೂ ಲೈನುಗಳಲ್ಲಿ 3.3 ವೋಲ್ಟ್ ಹತ್ತಿರ ಇರಬೇಕು. ಕ್ಲಾಕ್ ಲೈನಿನಲ್ಲಿ ಇತ್ತು. ಡೇಟಾ ಲೈನಿನಲ್ಲಿ 1.4. ಲೈನನ್ನು 3.3ರ ಕಡೆ ಮೇಲೆಳೆಯುವ ರೆಸಿಸ್ಟರ್ 4.7 ಕಿಲೋಓಮ್ ಆದ್ದರಿಂದ, ಲೈನಿನಿಂದ ನೆಲಕ್ಕೆ ಸುಮಾರು 3.5 ಕಿಲೋಓಮಿನ ಸೋರಿಕೆ ಇದೆ ಎಂದು ಲೆಕ್ಕ ಹಾಕಬಹುದು. ನೇರ ಶಾರ್ಟ್ ಆಗಿದ್ದರೆ ಸೊನ್ನೆ ತೋರಿಸುತ್ತಿತ್ತು, ತುಂಡಾದ ತಂತಿಯಾಗಿದ್ದರೆ ಪೂರ್ತಿ 3.3. ನಡುವಿನ ಈ ಸಂಖ್ಯೆ ಕಂಡರೆ ಕರಾವಳಿಯಲ್ಲಿ ಮೊದಲು ನೆನೆಯಬೇಕಾದದ್ದು ತೇವ.

ಚಿಪ್ಪಿನ ಚಿಕ್ಕ ಬೋರ್ಡನ್ನು ಕನೆಕ್ಟರಿನಿಂದ ಕಿತ್ತೆ. ನಾಲ್ಕು ಪಿನ್ನುಗಳ ಬುಡದಲ್ಲಿ ನೀಲಿ ಬೆರೆತ ಹಸಿರು ಹುಡಿ. ಕಡಲ ತಡಿಯಲ್ಲಿ ಉಪ್ಪುಗಾಳಿಯ ಕಿಲುಬು ಹೊಸದೇನಲ್ಲ. ಆದರೆ ಐಸ್ ಪ್ಲಾಂಟಿನಲ್ಲಿ ಇನ್ನೊಂದು ಶತ್ರುವಿದೆ. ಇಲ್ಲಿ ತಂಪು ಮಾಡುವ ಅನಿಲ ಅಮೋನಿಯ, ತೇವವಿದ್ದರೆ ಅದು ತಾಮ್ರವನ್ನೂ ಹಿತ್ತಾಳೆಯನ್ನೂ ತಿನ್ನುತ್ತದೆ. ಅಮೋನಿಯ ಹರಿಯುವ ಕಡೆ ತಾಮ್ರದ ಪೈಪ್ ಬಳಸದಿರುವುದು ಇದೇ ಕಾರಣಕ್ಕೆ. ನಾವು ಆ ಕೋಣೆಯ ಬಾಗಿಲಿಗೇ ತಾಮ್ರದ ಪಿನ್ನುಗಳಿದ್ದ ಪೆಟ್ಟಿಗೆಯನ್ನು ತೂಗುಹಾಕಿದ್ದೆವು. ಕರೆಂಟ್ ಇದ್ದಾಗ ಬೋರ್ಡಿನ ಅಲ್ಪ ಬಿಸಿಯಾದರೂ ಒಳಗನ್ನು ಒಣಗಿಸಿಟ್ಟಿತ್ತು. 61 ದಿನ ಅದೂ ಇರಲಿಲ್ಲ. ಮುಟ್ಟದೆಯೇ ಹಾಳಾದದ್ದು ಹೇಗೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ.

ಐಸೊಪ್ರೊಪೈಲ್ ಆಲ್ಕೊಹಾಲ್, ಹಳೆಯ ಹಲ್ಲುಜ್ಜುವ ಬ್ರಷ್, ಹತ್ತು ನಿಮಿಷ. ಬೋರ್ಡ್ ಸ್ವಚ್ಛವಾಯಿತು, ಲೈನ್ 3.3ಕ್ಕೆ ಏರಿತು, ಚಿಪ್ ಎದ್ದಿತು. ಅಷ್ಟಕ್ಕೇ ಮುಚ್ಚಿ ಬಂದರೆ ತಿಂಗಳೊಳಗೆ ಮತ್ತೆ ಕರೆ ಬರುತ್ತದೆ. ಕಿಲುಬು ಹಿಡಿದ ಕನೆಕ್ಟರನ್ನು ಉಜ್ಜಿ ಉಳಿಸಿಕೊಳ್ಳಬೇಡಿ. ನಾವು ಅದನ್ನು ಕಿತ್ತು ತಂತಿಯನ್ನು ನೇರ ಬೆಸುಗೆ ಹಾಕಿ, ಮೇಲೆ ರಕ್ಷಣಾ ವಾರ್ನಿಷ್ ಬಳಿದೆವು. ಪೆಟ್ಟಿಗೆಯನ್ನು ಕೋಣೆಯಿಂದ ದೂರ ಸರಿಸಿ, ಮೇಲಿನಿಂದ ಬರುತ್ತಿದ್ದ ಕೇಬಲನ್ನು ಕೆಳಗಿನಿಂದ ಒಳತಂದೆವು. ಮೇಲಿನಿಂದ ಬಂದ ಕೇಬಲ್ ಮಳೆಗಾಲದಲ್ಲಿ ನೀರಿಗೆ ಹಾಸಿಕೊಟ್ಟ ದಾರಿ.

2 ಮತ್ತು 4ನೇ ಪೆಟ್ಟಿಗೆ: ಗಡಿಯಾರ

ಇವೆರಡರಲ್ಲಿ ಚಿಪ್ ಏಳುತ್ತದೆ, ಸಹಿಯನ್ನೂ ಹಾಕುತ್ತದೆ. ಆದರೂ ಹ್ಯಾಂಡ್‌ಶೇಕ್, ಅಂದರೆ ಸಂಪರ್ಕದ ಆರಂಭದಲ್ಲಿ ನಡೆಯುವ ಆ ಪರಸ್ಪರ ಪರಿಶೀಲನೆ, ಮುರಿಯುತ್ತದೆ. ಸರ್ವರಿನ ಲಾಗ್ ನೋಡಿದ ಹುಡುಗ "ಪ್ರಮಾಣಪತ್ರ ಸರಿಯಿಲ್ಲ ಎನ್ನುತ್ತಿದೆ, ಪೆಟ್ಟಿಗೆಯದನ್ನು ಹೊಸದಾಗಿ ಮಾಡೋಣ" ಎಂದ. ಟಿಎಲ್‌ಎಸ್ ದೋಷಗಳನ್ನು ಓದುವಾಗ ಏನು ಹೇಳಿದೆ ಎಂಬುದಕ್ಕಿಂತ ಮೊದಲು ಯಾರು ಯಾರಿಗೆ ಹೇಳಿದ್ದು ಎಂದು ನೋಡಬೇಕು. ಈ ಎಚ್ಚರಿಕೆಯನ್ನು ಸರ್ವರ್ ಕಳಿಸಿರಲಿಲ್ಲ, ಅದಕ್ಕೆ ಬಂದಿತ್ತು. ಪೆಟ್ಟಿಗೆಯೇ ಸರ್ವರನ್ನು ತಿರಸ್ಕರಿಸುತ್ತಿತ್ತು.

ಪೆಟ್ಟಿಗೆಯ ಲಾಗಿನಲ್ಲಿ ದಿನಾಂಕ 2000, ಜನವರಿ 1. ಆ ಲೆಕ್ಕದಲ್ಲಿ ಸರ್ವರಿನ ಪ್ರಮಾಣಪತ್ರ ಇನ್ನೂ ಹುಟ್ಟಿಯೇ ಇಲ್ಲ, ಅದನ್ನು ನಂಬುವುದಾದರೂ ಹೇಗೆ? ಇಸವಿಯಲ್ಲೇ ಒಂದು ಸುಳಿವಿದೆ. 1970 ಕಂಡರೆ ಬೋರ್ಡ್ ಗಡಿಯಾರದ ಚಿಪ್ಪನ್ನು ಓದಿಯೇ ಇಲ್ಲ. 2000 ಕಂಡರೆ ಓದಿದೆ, ಆದರೆ ಹೊತ್ತೆಷ್ಟು ಎಂದು ಆ ಗಡಿಯಾರಕ್ಕೇ ಗೊತ್ತಿಲ್ಲ. ಡಿಎಸ್3231ಕ್ಕೆ ಪೂರ್ತಿ ಶಕ್ತಿ ಹೋಗಿ ಮತ್ತೆ ಬಂದರೆ ಅದು 2000ದ ಮೊದಲ ದಿನದಿಂದ ಎಣಿಸತೊಡಗುತ್ತದೆ. ಜೊತೆಗೆ "ನಾನು ನಡುವೆ ನಿಂತಿದ್ದೆ" ಎಂಬ ಒಂದು ಬಿಟ್ಟನ್ನೂ ಎತ್ತಿ ಹಿಡಿಯುತ್ತದೆ. ನಮ್ಮ ಫರ್ಮ್‌ವೇರ್ (ಬೋರ್ಡಿನೊಳಗೆ ಓಡುವ ಪ್ರೋಗ್ರಾಮ್) ಆ ಬಿಟ್ಟಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಗುಂಡಿ ಬ್ಯಾಟರಿ ಎರಡು ತಿಂಗಳಿಗೆ ಸಾಯುವಂಥದ್ದಲ್ಲ, ವರ್ಷಗಟ್ಟಲೆ ಬಾಳಬೇಕು. ಇದು ಎಂದೋ ಸತ್ತಿತ್ತು. ಕರೆಂಟ್ ಇದ್ದಷ್ಟು ದಿನ ಯಾರಿಗೂ ಗೊತ್ತಾಗಿರಲಿಲ್ಲ. ತಪ್ಪು ನಮ್ಮದೇ. ಮಾರುಕಟ್ಟೆಯಲ್ಲಿ ಸಿಗುವ ಅಗ್ಗದ ಡಿಎಸ್3231 ಮಾಡ್ಯೂಲುಗಳಲ್ಲಿ ಒಂದು ಡಯೋಡ್ ಮತ್ತು 200 ಓಮ್ ರೆಸಿಸ್ಟರಿನ ಚಾರ್ಜಿಂಗ್ ದಾರಿ ಇರುತ್ತದೆ. ಚಾರ್ಜ್ ಆಗುವ ಬ್ಯಾಟರಿಗೆಂದು ಮಾಡಿದ್ದು ಅದು. ನಾವು ಈ ಎರಡು ಪೆಟ್ಟಿಗೆಗಳಲ್ಲಿ ಮಾಡ್ಯೂಲಿಗೆ 5 ವೋಲ್ಟ್ ಕೊಟ್ಟು, ಚಾರ್ಜ್ ಮಾಡಬಾರದ ಸಿಆರ್2032 ಹಾಕಿದ್ದೆವು. 2ನೆಯದರ ಬ್ಯಾಟರಿ ಉಬ್ಬಿ ನಿಂತಿತ್ತು. ಆ ರೆಸಿಸ್ಟರನ್ನು ಕಿತ್ತು, ಮಾಡ್ಯೂಲಿಗೆ 3.3 ವೋಲ್ಟ್ ಕೊಟ್ಟು, ಹೊಸ ಬ್ಯಾಟರಿ ಕೂರಿಸಿದೆವು. 5 ವೋಲ್ಟ್ ಕೊಟ್ಟರೆ ಐ2ಸಿ ಲೈನುಗಳೂ 5ಕ್ಕೆ ಏರುತ್ತವೆ, ಅದು ಇನ್ನೊಂದು ತಪ್ಪು.

ಬ್ಯಾಟರಿ ಸತ್ತರೂ ಜಾಲದಿಂದ ಸಮಯ ತರುವ ಎನ್‌ಟಿಪಿ ಇತ್ತಲ್ಲ, ಅದೇಕೆ ಸಮಯ ತಂದುಕೊಡಲಿಲ್ಲ? ಮೇ ತಿಂಗಳ ಸಿಡಿಲಿಗೆ ಹಳೆಯ ರೂಟರ್ ಸುಟ್ಟು ಹೊಸದು ಬಂದಿತ್ತು. ಅದರಲ್ಲಿ ಎನ್‌ಟಿಪಿ ಬಳಸುವ ಯುಡಿಪಿ 123ನೇ ಪೋರ್ಟಿನಿಂದ ಏನೂ ಹೊರಹೋಗದಂತೆ ನಿಯಮವಿತ್ತು. ಬ್ಯಾಟರಿ ಬದುಕಿದ್ದ ಪೆಟ್ಟಿಗೆಗಳಿಗೆ ಇದು ತಟ್ಟಲಿಲ್ಲ, ಈ ಎರಡಕ್ಕೆ ತಟ್ಟಿತು. ಒಂದೊಂದೇ ಆಗಿದ್ದರೆ ಯಾವುದೂ ಕಾಣುತ್ತಿರಲಿಲ್ಲ.

ಪರಿಹಾರಕ್ಕೆ ರೂಟರಿನ ನಿಯಮ ತೆಗೆದರೆ ಸಾಕಿತ್ತು. ನಾವು ಇನ್ನೂ ಎರಡು ಕೆಲಸ ಮಾಡಿದೆವು. ಕಚೇರಿಯ ಕಂಪ್ಯೂಟರೇ ಪೆಟ್ಟಿಗೆಗಳಿಗೆ ಸಮಯ ಹಂಚುವಂತೆ ಮಾಡಿದೆವು. ಫರ್ಮ್‌ವೇರ್ ತಯಾರಾದ ದಿನಾಂಕಕ್ಕಿಂತ ಹಿಂದಿನ ಸಮಯವನ್ನು ಪೆಟ್ಟಿಗೆ ಒಪ್ಪದಂತೆ, ಅಂಥ ಸಮಯ ಕಂಡರೆ ಸರಿಯಾದದ್ದು ಸಿಗುವವರೆಗೆ ಹ್ಯಾಂಡ್‌ಶೇಕಿಗೆ ಹೋಗದಂತೆ ಬದಲಿಸಿದೆವು. ಸಾದಾ ಎನ್‌ಟಿಪಿಗೆ ತನ್ನದೇ ಆದ ದೃಢೀಕರಣವಿಲ್ಲ. ಜಾಲದಲ್ಲಿ ಕುಳಿತವನೊಬ್ಬ ಸುಳ್ಳು ಸಮಯ ಹೇಳಿದರೂ ಈ ಗೆರೆಗಿಂತ ಹಿಂದಕ್ಕೆ ಎಳೆಯಲಾರ.

ಇದೇ ಜಾತಿಯ ಇನ್ನೊಂದು ದೋಷ: ಪ್ರಮಾಣಪತ್ರದ ದಿನಾಂಕಗಳು ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ವಿಶ್ವ ಸಮಯ ಯುಟಿಸಿಯಲ್ಲಿ ಇರುತ್ತವೆ. ಪ್ರಮಾಣಪತ್ರ ಕೊಡುವ ಕಂಪ್ಯೂಟರಿನಲ್ಲಿ ಭಾರತೀಯ ಸಮಯವನ್ನೇ ಯುಟಿಸಿ ಎಂದು ತುಂಬಿದ್ದರೆ, ಮಧ್ಯಾಹ್ನ ಕೊಟ್ಟ ಪತ್ರ ಐದೂವರೆ ಗಂಟೆ ಕಳೆಯುವವರೆಗೆ ಯಾರಿಗೂ ಒಪ್ಪಿಗೆಯಾಗುವುದಿಲ್ಲ. ರಾತ್ರಿಯ ಹೊತ್ತಿಗೆ ತಾನೇ ಸರಿಹೋಗುತ್ತದೆ. ತಾನೇ ಸರಿಹೋದ ದೋಷಕ್ಕೆ ಈ ಐದೂವರೆ ಗಂಟೆಯನ್ನು ಒಮ್ಮೆ ಹೊಂದಿಸಿ ನೋಡಿ.

5ನೇ ಪೆಟ್ಟಿಗೆ: ಪತ್ರ ಒಬ್ಬನದು, ಕೈ ಇನ್ನೊಬ್ಬನದು

ಈ ಬಾರಿ ತಿರಸ್ಕರಿಸಿದ್ದು ಸರ್ವರ್. ಎಚ್ಚರಿಕೆಯ ಸಂಖ್ಯೆ 51, ಎಂದರೆ ಹ್ಯಾಂಡ್‌ಶೇಕಿನ ಸಹಿ ತಾಳೆಯಾಗಲಿಲ್ಲ. 45 ಆಗಿದ್ದರೆ ಅವಧಿ ಮುಗಿದ ಪತ್ರ, 48 ಆಗಿದ್ದರೆ ಪತ್ರ ಕೊಟ್ಟವರ ಪರಿಚಯವಿಲ್ಲ ಎಂದರ್ಥ. ವಿಚಿತ್ರವೆಂದರೆ ಪೆಟ್ಟಿಗೆಯ ಲಾಗ್ "ಸಂಪರ್ಕವಾಯಿತು" ಎನ್ನುತ್ತಿತ್ತು, ಮರುಕ್ಷಣ ಕಡಿದುಹೋಗುತ್ತಿತ್ತು. 2018ರ ಟಿಎಲ್‌ಎಸ್ 1.3ರಲ್ಲಿ ಹೀಗಾಗುವುದು ಸಹಜ. ಸರ್ವರ್ ಪೆಟ್ಟಿಗೆಯ ಸಹಿಯನ್ನು ನೋಡುವ ಮೊದಲೇ ಪೆಟ್ಟಿಗೆಯ ಪಾಲಿನ ಹ್ಯಾಂಡ್‌ಶೇಕ್ ಮುಗಿದಿರುತ್ತದೆ, ತಿರಸ್ಕಾರ ಆಮೇಲೆ ಬರುತ್ತದೆ. ಪೆಟ್ಟಿಗೆ ಸಂಪರ್ಕವಾಯಿತು ಎಂದ ಮಾತ್ರಕ್ಕೆ ನಂಬಬೇಡಿ.

ಪರೀಕ್ಷೆ ಸುಲಭ. ಚಿಪ್ಪಿನಿಂದ ಸಾರ್ವಜನಿಕ ಕೀಲಿಯನ್ನು (ಖಾಸಗಿ ಕೀಲಿಯ ಜೋಡಿ, ಎಲ್ಲರಿಗೂ ತೋರಿಸಬಹುದಾದದ್ದು) ಕೇಳಿ ಪಡೆಯಬಹುದು, 64 ಬೈಟ್. ಪ್ರಮಾಣಪತ್ರದೊಳಗಿನ ಕೀಲಿಯ ಪಕ್ಕದಲ್ಲಿಟ್ಟು ಹೋಲಿಸಿ. ಮೊದಲ ಬೈಟಿನಲ್ಲೇ ಬೇರೆಯಾಗಿತ್ತು. ಮೇ ತಿಂಗಳಲ್ಲಿ ಯಾರೋ ಸ್ಕ್ಯಾನ್ ಓಡಿಸಿ, ಚಿಪ್ ಕಾಣಲಿಲ್ಲವೆಂದು ಚಿಕ್ಕ ಬೋರ್ಡನ್ನು ಬದಲಿಸಿದ್ದರು. ಪ್ರಮಾಣಪತ್ರ ದೊಡ್ಡ ಬೋರ್ಡಿನ ಮೆಮೊರಿಯಲ್ಲಿ ಹಳೆಯದೇ ಉಳಿದಿತ್ತು. ಕಿತ್ತ ಚಿಪ್ ಕಚೇರಿಯ ಮೇಜಿನ ಡ್ರಾಯರಿನಲ್ಲಿ, ರಬ್ಬರ್ ಬ್ಯಾಂಡುಗಳ ನಡುವೆ ಸಿಕ್ಕಿತು. ಎಬ್ಬಿಸಿದೆವು: 04 11 33 43. ಅದನ್ನೇ ವಾಪಸ್ ಹಾಕಿದ ಮೇಲೆ ಪೆಟ್ಟಿಗೆ ಮೊದಲ ಯತ್ನಕ್ಕೆ ಸೇರಿತು.

ಬಿಡಿ ಚಿಪ್ ಹಾಕಲೇಬೇಕಾದ ಸಂದರ್ಭ ಬಂದರೆ ಮೊದಲು ಅದರಿಂದ ಯಾದೃಚ್ಛಿಕ ಸಂಖ್ಯೆಯೊಂದನ್ನು ಕೇಳಿ. ಎಫ್‌ಎಫ್ ಎಫ್‌ಎಫ್ 00 00 ಎಂದು ಅದೇ ಅದೇ ಬಂದರೆ ಸಂರಚನೆಗೆ ಇನ್ನೂ ಬೀಗ ಬಿದ್ದಿಲ್ಲ ಎಂದರ್ಥ. ಅಂಥದ್ದನ್ನು ಗೋಡೆಗೆ ಹಾಕಬಾರದು.

ಇಲ್ಲೊಂದು ಮಾತು ಹೇಳಲೇಬೇಕು. ಈ ಪೆಟ್ಟಿಗೆಯ ಕೋಡಿನಲ್ಲಿ "ಪರಿಶೀಲನೆ ಬೇಡ" ಎಂಬ ಸಾಲೊಂದು ಇತ್ತು, ಯಾರೋ ತಾತ್ಕಾಲಿಕ ಎಂದು ಟಿಪ್ಪಣಿ ಬರೆದು ಹಾಕಿದ್ದು. ಅಂದರೆ ಮೇ ತಿಂಗಳಿನಿಂದ ಇದು ಸಿಕ್ಕ ಸರ್ವರನ್ನೆಲ್ಲ ನಂಬುತ್ತಿತ್ತು. ಅದರಿಂದ ದೋಷವೂ ಹೋಗಲಿಲ್ಲ, ಏಕೆಂದರೆ ದೋಷ ಇದ್ದದ್ದು ಇನ್ನೊಂದು ಬದಿಯಲ್ಲಿ. ಬಾಗಿಲು ತೆರೆಯುವುದಿಲ್ಲವೆಂದು ಹಿಂದಿನ ಗೋಡೆ ಒಡೆದ ಹಾಗೆ. ಆ ಸಾಲನ್ನು ಅಳಿಸಿದೆ.

1ನೇ ಪೆಟ್ಟಿಗೆ: ಒಮ್ಮೆ ಉಂಟು, ಒಮ್ಮೆ ಇಲ್ಲ

ಕೆಲವೊಮ್ಮೆ ಮೊದಲ ಯತ್ನಕ್ಕೆ ಸೇರುತ್ತಿತ್ತು, ಕೆಲವೊಮ್ಮೆ ಹತ್ತನೆಯದಕ್ಕೆ. ತಂತಿ, ವೋಲ್ಟೇಜ್, ಗಡಿಯಾರ, ಕೀಲಿ ಎಲ್ಲವೂ ಸರಿ. ಬದಲಾದದ್ದೇನು ಎಂದು ಕೇಳಿದಾಗ ಮೇಲ್ವಿಚಾರಕರೇ ಹೇಳಿದರು, "ಮಳೆಗೆ ಮುಂಚೆ ಉಪ್ಪುನೀರಿನ ತೊಟ್ಟಿಗೆ ಇನ್ನೊಂದು ಸೆನ್ಸರ್ ಹಾಕಿಸಿದ್ದೆವಲ್ಲ?"

ಎಬ್ಬಿಸಿದ ಮೇಲೆ ಈ ಚಿಪ್ ಸುಮಾರು 1.3 ಸೆಕೆಂಡ್ ಮಾತ್ರ ಎಚ್ಚರವಿರುತ್ತದೆ. ಆಮೇಲೆ ಕೆಲಸ ಮುಗಿದಿರಲಿ ಬಿಡಲಿ ಮಲಗುತ್ತದೆ, ತಾತ್ಕಾಲಿಕ ನೆನಪನ್ನೂ ಒರೆಸಿಕೊಳ್ಳುತ್ತದೆ. ಡಿಎಸ್18ಬಿ20ಕ್ಕೆ 12 ಬಿಟ್ಟಿನ ಒಂದು ಅಳತೆಗೆ 750 ಮಿಲಿಸೆಕೆಂಡ್ ಬೇಕು. ಸಹಿ ಹಾಕಬೇಕಾದ ಸಾರಾಂಶವನ್ನು ಚಿಪ್ಪಿಗೆ ಇಳಿಸಿ, ಸಹಿಯ ಆದೇಶ ಕೊಡುವ ನಡುವೆ ಅಳತೆಯ ಸರದಿ ಬಂದರೆ ನಮ್ಮ ಪ್ರೋಗ್ರಾಮ್ ಸೆನ್ಸರಿಗಾಗಿ ಕಾಯುತ್ತಿತ್ತು. ಒಂದೇ ಸೆನ್ಸರ್ ಇದ್ದಾಗ ಮುಕ್ಕಾಲು ಸೆಕೆಂಡಿನಲ್ಲಿ ವಾಪಸಾಗುತ್ತಿತ್ತು. ಎರಡನ್ನು ಒಂದರ ನಂತರ ಒಂದು ಓದಿದರೆ ಒಂದೂವರೆ ಸೆಕೆಂಡ್. ಅಷ್ಟರಲ್ಲಿ ಚಿಪ್ ಮಲಗಿ ಎಲ್ಲ ಮರೆತಾಗಿತ್ತು.

ಹ್ಯಾಂಡ್‌ಶೇಕ್ ನಡೆಯುವಾಗ ಅಳತೆಯನ್ನು ತಡೆಹಿಡಿಯುವ ಒಂದು ಬೀಗವನ್ನು ಕೋಡಿನಲ್ಲಿ ಹಾಕಿದೆ. ಎರಡೂ ಸೆನ್ಸರುಗಳಿಗೆ ಒಟ್ಟಿಗೇ ಅಳತೆಯ ಆದೇಶ ಕೊಡುವಂತೆಯೂ ಮಾಡಿದೆ. ಇಪ್ಪತ್ತು ಸಲ ರೀಸೆಟ್ ಒತ್ತಿ ನೋಡಿದೆವು. ಇಪ್ಪತ್ತು ಸಲವೂ ಸೇರಿತು.

ಕತ್ತಲಾಗುತ್ತಿತ್ತು. ಹೊರಗೆ ಮೊದಲ ಬೋಟುಗಳಿಗೆ ಐಸ್ ತುಂಬುವ ಗದ್ದಲ. ಹುಡುಗ ಟೂಲ್‌ಬಾಕ್ಸ್ ಮುಚ್ಚುತ್ತಿದ್ದಾಗ ಮೇಲ್ವಿಚಾರಕರು "3ನೆಯದನ್ನು ನೋಡಲೇ ಇಲ್ಲವಲ್ಲ?" ಎಂದರು. ಸರಿಯಿದ್ದದ್ದನ್ನು ತೆರೆಯುವ ಅಭ್ಯಾಸ ನನಗಿಲ್ಲ. ಆದರೂ ತೆರೆದು ಗಡಿಯಾರದ ಬ್ಯಾಟರಿಗೆ ಮೀಟರ್ ಹಿಡಿದೆ. 2.4 ವೋಲ್ಟ್. ಡಿಎಸ್3231ಕ್ಕೆ ಬ್ಯಾಟರಿಯಿಂದ ಕನಿಷ್ಠ 2.3 ಬೇಕು. ಹುಡುಗ ಟೂಲ್‌ಬಾಕ್ಸನ್ನು ಮತ್ತೆ ತೆರೆದು ಹೊಸದೊಂದು ಸಿಆರ್2032 ಕೊಟ್ಟ.